ಮನೆಗೊಂದೇ ಅಕೌಂಟ್

ಕುಣಿಗಲ್‌ನ ಮಹಾದೇವಯ್ಯ ಮೇಷ್ಟ್ರ ಮಗಳು ದೀಪಿಕಾಳಿಗೆ ಚಿಂತೆ ಮಾಡುವುದನ್ನು ಯಾರೂ ಕಲಿಸಿರಲಿಲ್ಲ. ಅದು ಹುಟ್ಟುತ್ತಲೇ ಬಂದಿತ್ತು. ಬೇರೆ ಮಕ್ಕಳು ಶಾಲೆಯ ಬಸ್ಸು ಬರುವವರೆಗೆ ಕುಂಟೆಬಿಲ್ಲೆ ಆಡುತ್ತಿದ್ದರೆ, ಇವಳು ಬಸ್ಸೇ ಬರದಿದ್ದರೆ ಏನು ಗತಿ ಎಂದು ರಸ್ತೆಯ ತಿರುವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಪರೀಕ್ಷೆಗೆ ಎರಡು ಪೆನ್ನು ಸಾಲದು, ಮೂರನೆಯದೂ ಬೇಕು. ಆ ಮೂರನೆಯದೂ ಕೈಕೊಟ್ಟರೆ? "ನಿನ್ ತಲೇಲಿ ಒಂದು ಫ್ಯಾನು ಓಡ್ತಾನೇ ಇರುತ್ತೆ ಕಣೇ, ಅದಕ್ಕೆ ಸ್ವಿಚ್ಚೇ ಇಟ್ಟಿಲ್ಲ ಆ ದೇವ್ರು" ಎಂದು ಅವರಮ್ಮ ನಗುತ್ತಿದ್ದರು.

ಹೈಸ್ಕೂಲಿಗೆ ಅವಳನ್ನು ತುಮಕೂರಿನ ಸೋದರತ್ತೆಯ ಮನೆಗೆ ಕಳಿಸಿದರು. ಇಂಗ್ಲಿಷ್ ಮೀಡಿಯಂ ಶಾಲೆ, ಆಮೇಲೆ ಬಿಎಸ್ಸಿ, ಆಮೇಲೆ ಬಿಎಡ್. ಓದಿದಷ್ಟೂ ಚಿಂತೆಗೆ ಹೊಸ ಹೊಸ ವಿಷಯ ಸಿಕ್ಕಿತೇ ಹೊರತು ಚಿಂತೆ ಕರಗಲಿಲ್ಲ. ಜೀವಶಾಸ್ತ್ರ ಓದಿದ ವರ್ಷ ಮನೆಯವರಿಗೆಲ್ಲ ಒಂದೊಂದು ಕಾಯಿಲೆ ಹಂಚಿದ್ದಳು. ಮದುವೆಯ ಮಾತು ಬಂದಾಗ ಹುಡುಗನ ಬಗ್ಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಸಿಟ್ಟು ಬಂದ್ರೆ ಕೂಗಾಡ್ತಾರಾ, ಇಲ್ಲಾ ಮಾತು ಬಿಡ್ತಾರಾ?"

ಸಂಬಂಧ ತಂದವರು ತಬ್ಬಿಬ್ಬಾದರು. "ಎರಡೂ ಇಲ್ಲಮ್ಮ. ಕಂಪ್ಯೂಟರ್ ಮುಂದೆ ಕೂತಿರ್ತಾನೆ, ಅಷ್ಟೇ."

ಆ ಉತ್ತರ ಅವಳಿಗೆ ಹಿಡಿಸಿತು.

ಹುಡುಗ ನಿಟ್ಟೂರಿನ ಚನ್ನೇಶ. ಗುಬ್ಬಿಯ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ. ಕೂಗಾಡುವವನಲ್ಲ ಎಂಬುದು ನಿಜವಾಯಿತು. ಜಾಸ್ತಿ ಮಾತಾಡುವವನೂ ಅಲ್ಲ. ಹೆಂಡತಿ ಕಣ್ಣೀರು ಹಾಕಿದರೆ ಎದ್ದುಹೋಗಿ ಮಿಕ್ಸಿ ರಿಪೇರಿ ಮಾಡುವ ಜಾತಿ. ಉಪ್ಪಾರಹಳ್ಳಿಯಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದರು. ಅವನು ಬೆಳಗ್ಗೆ ಬೈಕ್ ಹತ್ತಿ ಗುಬ್ಬಿಗೆ ಹೋದರೆ, ಇವಳು ಮನೆಯಲ್ಲೇ ಕೂತು ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ವಿಜ್ಞಾನದ ಗೈಡುಗಳನ್ನು ಬರೆದುಕೊಡುತ್ತಿದ್ದಳು. ಮಗಳು ಹುಟ್ಟಿದಳು. ಇಂಚರ ಎಂದು ಹೆಸರಿಟ್ಟರು.

ಇಂಚರಳಿಗೆ ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲ. "ಅಮ್" ಅನ್ನುತ್ತಿದ್ದಳು, ಅದು ಅಮ್ಮನೋ ಅನ್ನವೋ ಯಾರಿಗೂ ಗೊತ್ತಿಲ್ಲ. ಹೆಸರು ಹಿಡಿದು ಕರೆದರೆ ಒಮ್ಮೆ ತಿರುಗಿ ನೋಡುತ್ತಿದ್ದಳು, ಇನ್ನೊಮ್ಮೆ ಇಲ್ಲ. ನಿಟ್ಟೂರಿನ ಅತ್ತೆ ಸರ್ವಮಂಗಳ ಅದನ್ನು ದೊಡ್ಡದು ಮಾಡಲಿಲ್ಲ. "ಅವರಪ್ಪನೂ ಲೇಟಾಗೇ ಮಾತಾಡಿದ್ದು ಕಣಮ್ಮ. ಈಗ್ಲೂ ಏನು ಮಹಾ ಮಾತಾಡ್ತಾನೆ? ದಿನಾ ಬಜೆ ತೇದು ನಾಲಿಗೆಗೆ ನೆಕ್ಸು, ಸಾಕು." ಬಂದಾಗಲೆಲ್ಲ ಜೇನಿನಲ್ಲಿ ಬಜೆಯ ಬೇರು ತೇಯ್ದು, ಮೊಮ್ಮಗಳ ಮೂಗು ಹಿಡಿದು ನಾಲಿಗೆಗೆ ಸವರುತ್ತಿದ್ದರು. ಇಂಚರ ಮುಖ ಹಿಂಡಿ ಉಗಿಯುತ್ತಿದ್ದಳು.

ದೀಪಿಕಾ ಬಜೆಯನ್ನೂ ನೆಕ್ಕಿಸಿದಳು, ಇಂಟರ್ನೆಟ್ಟನ್ನೂ ತೆರೆದಳು. 'ಎರಡು ವರ್ಷದ ಮಗುವಿಗೆ ಎಷ್ಟು ಪದ ಬರಬೇಕು?' 'ಕಿವಿ ಕೇಳಿಸದ ಲಕ್ಷಣಗಳು.' 'ಕಣ್ಣಿಗೆ ಕಣ್ಣು ಕೊಡದಿದ್ದರೆ?' ಒಂದು ಪುಟದಿಂದ ಇನ್ನೊಂದು ಪುಟ. ಯಾವುದನ್ನೂ ಮುಚ್ಚಲು ಅವಳಿಗೆ ಧೈರ್ಯವಿರಲಿಲ್ಲ, ಮುಚ್ಚಿದ್ದರಲ್ಲೇ ಉತ್ತರ ಇದ್ದರೆ? ಗೈಡಿನ ಪುಟಗಳ ನಡುವೆ ಈ ಟ್ಯಾಬುಗಳು ಹಬ್ಬಿ ಲ್ಯಾಪ್‌ಟಾಪು ಏದುಸಿರು ಬಿಡತೊಡಗಿತು.

ಆಗ ಚನ್ನೇಶ ಹೊಸ ಬ್ರೌಸರ್ ಹಾಕಿಕೊಟ್ಟ.

ಅವನಿಗೆ ಇಂಥ ಕೆಲಸವೆಂದರೆ ಹಬ್ಬ. ಭಾನುವಾರ ಇಡೀ ದಿನ ಕೂತು ಅದನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಿದ. ಬಣ್ಣ ಅವಳಿಗಿಷ್ಟವಾದ ನವಿಲು ಹಸಿರು. ತೆರೆದ ತಕ್ಷಣ ಇಂಚರಳ ಫೋಟೋ. ಮೇಲೆ ಇರುಕಿಕೊಂಡಿದ್ದ ಟ್ಯಾಬುಗಳನ್ನೆಲ್ಲ ಎಡಗಡೆಗೆ ತಂದು ಕೆಳಗಿನವರೆಗೆ ಸಾಲಾಗಿ ಕೂರಿಸಿದ. 'ಗೈಡು', 'ಅಡುಗೆ', 'ಪಾಪು' ಎಂದು ಮೂರು ಕೋಣೆ ಮಾಡಿದ, ಒಂದರಲ್ಲಿದ್ದಾಗ ಇನ್ನೊಂದು ಕಾಣುವುದಿಲ್ಲ. ಪರದೆಯನ್ನು ಎರಡು ಪಾಲು ಮಾಡಿ ಪಕ್ಕಪಕ್ಕ ಎರಡು ಪುಟ ಓದುವುದನ್ನು ತೋರಿಸಿದ. ಬಳಸದ ಟ್ಯಾಬು ತಾನೇ ನಿದ್ದೆಹೋಗುತ್ತದೆ, ಮುಟ್ಟಿದರೆ ಏಳುತ್ತದೆ ಎಂದ.

"ನನ್ ಟ್ಯಾಬು ಯಾವ್ದೂ ನಿದ್ದೆ ಮಾಡಲ್ಲ ಬಿಡಿ" ಎಂದಳು ದೀಪಿಕಾ.

"ಇಲ್ನೋಡು, ಇದು ಎಐ." ಬಲಗಡೆ ಒಂದು ಪಟ್ಟಿ ತೆರೆದುಕೊಂಡಿತು. "ಉದ್ದ ಪುಟ ಇದ್ರೆ ಓದಿ ನಾಲ್ಕು ಸಾಲಲ್ಲಿ ಹೇಳುತ್ತೆ. ತೆಗೆದಿರೋ ಟ್ಯಾಬ್ ಎಲ್ಲಾ ಒಟ್ಟಿಗೆ ಓದಿಸಿದ್ರೂ ಓದುತ್ತೆ. ಕನ್ನಡದಲ್ಲೇ ಕೇಳು. ಟಿಕೆಟ್ ಬುಕ್ ಮಾಡು, ಫಾರಂ ತುಂಬು ಅಂದ್ರೆ ನಿನ್ ಪರವಾಗಿ ಅದೇ ಮಾಡುತ್ತೆ."

"ನಾನು ಏನ್ ನೋಡ್ತೀನಿ ಅಂತ ಬೇರೆಯವ್ರಿಗೆ ಗೊತ್ತಾಗುತ್ತಾ ರೀ?" ಅವಳಿಗೆ ಭಯ ಅದೊಂದೇ.

"ಹುಚ್ಚಿ. ಹಿಂದೆ ಬಿದ್ದು ನೋಡೋರನ್ನೆಲ್ಲ ಇದು ಬ್ಲಾಕ್ ಮಾಡುತ್ತೆ." ಮೂಲೆಯಲ್ಲಿ ಒಂದು ಪುಟ್ಟ ಗುರಾಣಿಯ ಗುರುತು ತೋರಿಸಿದ. "ಯಾರೂ ಇಣುಕೋಕಾಗಲ್ಲ."

ಕೊನೆಗೆ ಲಾಗಿನ್ ಕೇಳಿದಾಗ ತನ್ನ ಅಕೌಂಟನ್ನೇ ಹಾಕಿದ. ಅದು ಅವರ ಮನೆಯ ಪದ್ಧತಿ. ಚನ್ನೇಶನ ಫೋನು, ಅವನ ಲ್ಯಾಬಿನ ಕಂಪ್ಯೂಟರು, ನಿಟ್ಟೂರಿನ ಟಿವಿ, ಅತ್ತೆಯ ಫೋನು, ಎಲ್ಲಕ್ಕೂ ಅವನೊಬ್ಬನದೇ ಅಕೌಂಟು. ಮನೆಗೊಂದು ರೇಷನ್ ಕಾರ್ಡು ಇದ್ದ ಹಾಗೆ ಇದೂ ಒಂದು ಸಾಕು, ಹತ್ತಾರು ಪಾಸ್‌ವರ್ಡು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಅವನ ವಾದ. ದೀಪಿಕಾಳಿಗೂ ಸರಿಯೆನಿಸಿತ್ತು. ಮದುವೆಯಾದ ಮೇಲೆ ಡಬ್ಬಿ, ಬೀಗ, ಬೀರು ಎಲ್ಲ ಒಂದೇ ಅಲ್ಲವೇ.

ಆ ಬಲಗಡೆಯ ಪಟ್ಟಿ ಅವಳಿಗೆ ಅಭ್ಯಾಸವಾಗಿಹೋಯಿತು. ಮೊದಮೊದಲು ಪ್ರಕಾಶಸಂಶ್ಲೇಷಣೆ, ಓಮ್‌ನ ನಿಯಮ ಇತ್ಯಾದಿ. ಆಮೇಲೆ ಇಂಚರಳ ವಿಷಯ. ಮಗುವನ್ನು ಮಲಗಿಸಿ ಮಧ್ಯಾಹ್ನದ ಹೊತ್ತು ಅವಳು ಟೈಪ್ ಮಾಡುತ್ತಿದ್ದಳು. 'ಪಕ್ಕದ ಮನೆ ಮಗು ರೈಮ್ಸ್ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನಾನು ಕೆಟ್ಟವಳೇ?' 'ಗರ್ಭಿಣಿಯಾಗಿದ್ದಾಗ ಬೈಕಿನಿಂದ ಬಿದ್ದಿದ್ದೆ, ಅದರಿಂದಲೇ ಆಗಿರಬಹುದೇ?' ತಾಯಿಗೂ ಹೇಳದ್ದನ್ನು ಅಲ್ಲಿ ಹೇಳಿದಳು. ಅದು ಬೈಯಲಿಲ್ಲ, ಬಜೆ ನೆಕ್ಕಿಸು ಅನ್ನಲಿಲ್ಲ. ತಾನು ವೈದ್ಯನಲ್ಲ, ಮಾತಿನ ತಜ್ಞರಿಗೆ ಒಮ್ಮೆ ತೋರಿಸಿ, ಚಿಕ್ಕ ವಯಸ್ಸಿನಲ್ಲೇ ತೋರಿಸಿದಷ್ಟೂ ಒಳ್ಳೆಯದು ಎಂದಿತು.

ಅದೇ ದಿನಗಳಲ್ಲಿ ಚನ್ನೇಶ ಬದಲಾದ.

ಒಂದು ಸಂಜೆ ಗುಬ್ಬಿಯಿಂದ ಬಂದವನು ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು ನಿಂತ. "ದೀಪಿ, ನೀನೊಬ್ಳೇ ಇದನ್ನ ಹೊತ್ಕೊಂಡಿಲ್ಲ. ನಾನೂ ಇದೀನಿ. ಪರಿಹಾರ ಆಮೇಲೆ ನೋಡೋಣ, ಮೊದ್ಲು ಹೇಳು, ಕೇಳಿಸ್ಕೋತೀನಿ" ಎಂದ. ಒಲೆಯ ಮೇಲೆ ಸಾರು ಉಕ್ಕಿಹೋಯಿತು. ದೀಪಿಕಾ ಅಲ್ಲೇ ಕಟ್ಟೆಗೊರಗಿ ಅತ್ತಳು. ಅವನು ಮಿಕ್ಸಿಯ ಕಡೆ ನೋಡಲೂ ಇಲ್ಲ.

ಇನ್ನೊಂದು ದಿನ, "ನೀನು ಬೈಕಿಂದ ಬಿದ್ದಿದ್ದಕ್ಕೂ ಪಾಪುಗೂ ಸಂಬಂಧ ಇಲ್ಲ ಕಣೇ. ತಪ್ಪೆಲ್ಲ ನಿಂದೇ ಅಂತ ತಲೇಲಿ ಇಟ್ಕೋಬೇಡ" ಎಂದ. ಅವಳು ಆ ಮಾತನ್ನು ಅವನಿಗೆ ಹೇಳಿಯೇ ಇರಲಿಲ್ಲ. ಗುಂಡಿ ಒತ್ತಿದರೆ ಪ್ರಾಣಿಗಳ ಕೂಗು ಬರುವ ಚಿತ್ರಪುಸ್ತಕವೊಂದನ್ನು ಅವಳು ನೋಡಿ, ಆಮೇಲೆ ಕೊಳ್ಳೋಣ ಎಂದು ಬಿಟ್ಟಿದ್ದಳು. ಅದನ್ನೂ ತಂದುಕೊಟ್ಟ.

ಅವಳು ಕುಣಿಗಲ್‌ಗೆ ಫೋನ್ ಮಾಡಿದಳು. "ಅಮ್ಮಾ, ನಾನು ಬಾಯಿ ಬಿಡೋಕೆ ಮುಂಚೆನೇ ಇವ್ರಿಗೆ ಗೊತ್ತಾಗ್ಬಿಡುತ್ತೆ!"

"ಪುಣ್ಯ ಮಾಡಿದೀಯ" ಅಂದರು ಅಮ್ಮ. "ನಿಮ್ಮಪ್ಪನಿಗೆ ನಾನು ಬಾಯಿ ಬಿಟ್ಟು ಹೇಳಿದ್ರೂ ಗೊತ್ತಾಗಲ್ಲ. ಮೊನ್ನೆ ತಲೆನೋವು ಅಂದ್ರೆ ಕೊಬ್ಬರಿ ಹೋಳು ತಂದ್ಕೊಟ್ರು."

ದೀಪಿಕಾಳಿಗೆ ಹೊಸದಾಗಿ ಮದುವೆಯಾದಂತಾಯಿತು. ಹೇಳದೆಯೇ ತಿಳಿದುಕೊಳ್ಳುವ ಗಂಡ ಎಲ್ಲರಿಗೂ ಸಿಗುತ್ತಾನೆಯೇ? ಆ ಬಲದ ಮೇಲೆಯೇ ಅವಳು ತುಮಕೂರಿನ ಮಾತಿನ ಚಿಕಿತ್ಸೆಯ ಸೆಂಟರ್ ಒಂದರಲ್ಲಿ, ಅದರ ವೆಬ್‌ಸೈಟಿನ ಮೂಲಕವೇ, ಇಂಚರಳ ಹೆಸರು ಬರೆಸಿದಳು. ಅಲ್ಲಿ ಅರುಣಾ ಎಂಬ ತಜ್ಞೆ ಮಕ್ಕಳನ್ನು ನೋಡುತ್ತಿದ್ದರು. ಬಹಳ ದಿನ ಕಾದ ಮೇಲೆ ಒಂದು ಗುರುವಾರ ಸಿಕ್ಕಿತು. ಚನ್ನೇಶ "ಹೋಗೋಣ ಬಿಡು, ನಾನೂ ರಜಾ ಹಾಕ್ತೀನಿ" ಎಂದಿದ್ದ.

ಆ ಗುರುವಾರಕ್ಕೆ ಎರಡು ದಿನ ಇರುವಾಗ ಅವನು ಬಂದು, "ಸೆಂಟರಿಂದ ನನ್ ಫೋನಿಗೆ ಕಾಲ್ ಬಂದಿತ್ತು. ಆ ಮೇಡಂ ರಜಾ ಅಂತೆ, ಹೊಸ ಡೇಟ್ ಅವ್ರೇ ಹೇಳ್ತಾರಂತೆ" ಎಂದ. ಅವಳ ಮುಖ ಬಾಡಿದ್ದು ಕಂಡು ತಲೆ ಸವರಿದ. "ನಿನ್ನ ನಿರಾಸೆ ನನಗೆ ಅರ್ಥ ಆಗುತ್ತೆ. ಅಲ್ಲೀವರೆಗೆ ಅಮ್ಮ ಬಂದು ಪಾಪೂನ ನಿಟ್ಟೂರಿಗೆ ಕರ್ಕೊಂಡ್ ಹೋಗ್ಲಿ, ನಿಂಗೂ ರೆಸ್ಟ್ ಆಗುತ್ತೆ."

ಅವಳು ನಂಬಿದಳು. ನಂಬದೆ ಇರಲು ಕಾರಣವೇ ಇರಲಿಲ್ಲ.

ಮರುದಿನ ಬುಧವಾರ, ಚನ್ನೇಶ ಗುಬ್ಬಿಗೆ ಹೋದ ಮೇಲೆ, ಲ್ಯಾಪ್‌ಟಾಪ್ ತೆರೆದರೆ ಬ್ರೌಸರ್ ಅಪ್‌ಡೇಟ್ ಆಗಿತ್ತು. ಮೊದಲು ಮುಚ್ಚಿಕೊಂಡಿರುತ್ತಿದ್ದ ಎಐ ಪಟ್ಟಿಯಲ್ಲಿ ಹಳೆಯ ಮಾತುಕತೆಗಳೆಲ್ಲ ಮೇಲಿಂದ ಕೆಳಗೆ ಕಾಣುತ್ತಿದ್ದವು. ತಾನು ಕೇಳಿದ್ದನ್ನು ಹುಡುಕುತ್ತ ದೀಪಿಕಾ ಕೆಳಗಿಳಿದಳು. ಓಮ್‌ನ ನಿಯಮ. ಮಕ್ಕಳ ನಿದ್ದೆ. ಅದರ ಕೆಳಗೆ, 'ಮಿಸೆಸ್ ಇವತ್ತಿನ ಮೂಡ್'.

ಅದನ್ನು ತಾನು ಕೇಳಿರಲಿಲ್ಲ. ಏನೋ ತಪ್ಪಾಗಿ ಬಂದಿದೆ ಎಂದುಕೊಂಡು ಒತ್ತಿದಳು.

ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ಚನ್ನೇಶ ವಾಟ್ಸಾಪಿನಲ್ಲಿ ಬರೆಯುವುದೂ ಹಾಗೆಯೇ. 'ಪಾಪು ಅನ್ನೋ ಕೋಣೆಯಲ್ಲಿರೋ ಟ್ಯಾಬ್ ಎಲ್ಲಾ ಓದು. ನನ್ನ ಮಿಸೆಸ್ ಏನ್ ಯೋಚ್ನೆ ಮಾಡ್ತಿದಾಳೆ, ಮೂರು ಸಾಲಲ್ಲಿ ಹೇಳು. ಅವಳು ನಿನ್ ಹತ್ರ ಕೇಳಿರೋದನ್ನೂ ಸೇರ್ಸು. ಸಂಜೆ ಮನೆಗೆ ಹೋದಾಗ ಏನ್ ಮಾತಾಡ್ಲಿ?'

ಅದರ ಕೆಳಗೆ ಉತ್ತರ, ಅಚ್ಚುಕಟ್ಟಾದ ಕನ್ನಡದಲ್ಲಿ. 'ನಿಮ್ಮ ಪತ್ನಿ ಮಗುವಿನ ಮಾತಿನ ಬೆಳವಣಿಗೆಯ ಬಗ್ಗೆ ಆತಂಕದಲ್ಲಿದ್ದಾರೆ, ತಮ್ಮನ್ನೇ ದೂಷಿಸಿಕೊಳ್ಳುತ್ತಿದ್ದಾರೆ. ತಕ್ಷಣ ಪರಿಹಾರ ಸೂಚಿಸಬೇಡಿ. "ನೀನೊಬ್ಬಳೇ ಇದನ್ನು ಹೊತ್ತುಕೊಂಡಿಲ್ಲ, ನಾನೂ ಇದ್ದೇನೆ" ಎಂದು ಹೇಳಬಹುದು.'

ದೀಪಿಕಾ ಅದನ್ನು ಓದಿದಳು. ಮತ್ತೆ ಓದಿದಳು. ಒಲೆಯ ಮೇಲೆ ಸಾರು ಉಕ್ಕಿದ ಸಂಜೆ ಕಣ್ಣಮುಂದೆ ಬಂತು. ಹೆಲ್ಮೆಟ್ಟನ್ನು ಅವನು ಯಾಕೆ ಕೆಳಗಿಟ್ಟಿರಲಿಲ್ಲ ಎಂಬುದು ಈಗ ಹೊಳೆಯಿತು. ಮರೆತುಹೋಗುವುದರೊಳಗೆ ಹೇಳಿಬಿಡಬೇಕಾಗಿತ್ತು!

ಕೆಳಗೆ ಅಂಥವು ಇನ್ನೂ ಇದ್ದವು. ಬೈಕಿನಿಂದ ಬಿದ್ದದ್ದು, ಚಿತ್ರಪುಸ್ತಕ, ಪಕ್ಕದ ಮನೆಯ ಮಗು. ಅವಳು ಗುಟ್ಟಾಗಿ ಅತ್ತದ್ದೆಲ್ಲ ಮೂರು ಮೂರು ಸಾಲಾಗಿ ಅವನ ಲ್ಯಾಬಿಗೆ ಹೋಗಿತ್ತು. ಅವನು ಮಧ್ಯಾಹ್ನದ ಡಬ್ಬಿ ತೆರೆದು ಉಣ್ಣುತ್ತ ಅದನ್ನು ಓದಿದ್ದಿರಬೇಕು. ಬಚ್ಚಲಿನ ಬಾಗಿಲು ಯಾರೋ ತೆಗೆದು ನಿಂತ ಹಾಗಾಯಿತು. ಮನೆಗೊಂದೇ ಅಕೌಂಟು ಎಂದಾಗ ಅವಳದೆಲ್ಲ ಅವನಿಗೆ ಕಾಣುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ. ಅವನದೂ ಅವಳಿಗೆ ಕಾಣುತ್ತದೆ ಎಂದು ಅವನಿಗೂ ಹೊಳೆದಿರಲಿಲ್ಲ.

ತೀರಾ ಇತ್ತೀಚಿನದು ಮೊನ್ನೆಯದು. 'ಪಾಪು ಗುರುವಾರದ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡು. ನನ್ ತಂಗಿ ಮದ್ವೆ ಮಾತುಕತೆ ನಡೀತಿದೆ. ಗಂಡಿನ ಕಡೆಯವ್ರ ಮನೆ ಆ ಸೆಂಟರ್ ರೋಡಲ್ಲೇ ಇರೋದು. ಯಾರಾದ್ರೂ ನೋಡಿದ್ರೆ ಕಷ್ಟ.' ಅದರ ಕೆಳಗೆ, 'ಸೆಂಟರ್‌ನ ಪುಟದಲ್ಲಿ ನಿಮ್ಮ ಪರವಾಗಿ ಅಪಾಯಿಂಟ್‌ಮೆಂಟ್ ರದ್ದು ಮಾಡಿದ್ದೇನೆ. ಕಾರಣ: ಕುಟುಂಬದ ನಿರ್ಧಾರ.' ಮತ್ತೆ ಅವನು, 'ಮಿಸೆಸ್‌ಗೆ ಡಾಕ್ಟರ್ ರಜಾ ಅಂದ್ರೆ ಓಕೆನಾ?' ಅದು, 'ನಿಜವನ್ನೇ ಹೇಳಿ, ಇಬ್ಬರೂ ಕೂತು ಮಾತಾಡುವುದು ಒಳ್ಳೆಯದು. ಆಮೇಲೆ ತಿಳಿದರೆ ಅವರಿಗೆ ಹೆಚ್ಚು ನೋವಾಗಬಹುದು.'

ಅಷ್ಟು ದಿನ ಅದು ಹೇಳಿಕೊಟ್ಟಿದ್ದನ್ನೆಲ್ಲ ಗಿಳಿಯ ಹಾಗೆ ಒಪ್ಪಿಸಿದ್ದ. ಈ ಒಂದು ಮಾತನ್ನು ಮಾತ್ರ ಕೇಳಲಿಲ್ಲ.

ಅವಳು ಸೆಂಟರ್‌ಗೆ ಫೋನ್ ಮಾಡಿದಳು. "ಅರುಣಾ ಮೇಡಂ ರಜಾ ಅಲ್ವಲ್ಲ, ಇಲ್ಲೇ ಇದಾರೆ" ಎಂದಳು ಅಲ್ಲಿಯ ಹುಡುಗಿ. "ನಿಮ್ ಕಡೆಯಿಂದ್ಲೇ ಕ್ಯಾನ್ಸಲ್ ಆಗಿದೆ ನೋಡಿ. ಆ ಟೈಮು ಬೇರೆಯವ್ರಿಗೆ ಹೋಯ್ತು. ಈಗ ಬರೆಸಿದ್ರೆ ಎರಡು ತಿಂಗಳಾಗುತ್ತೆ."

"ಎರಡು ತಿಂಗಳಾ?" ಇಂಚರ ಕಾಲಿನ ಬಳಿ ಕೂತು ಚಪ್ಪಲಿಗಳನ್ನು ಜೋಡಿಸುತ್ತಿದ್ದಳು. "ಮೇಡಂ, ಪ್ಲೀಸ್. ನನ್ ಮಗೂಗೆ ದಿನ ಹೋಗ್ತಾ ಇದೆ."

ಹುಡುಗಿ ದನಿ ತಗ್ಗಿಸಿದಳು. "ನಾಳೆ ಬೆಳಿಗ್ಗೆನೇ ಬಂದು ಕೂತ್ಕೊಳ್ಳಿ. ಯಾರಾದ್ರೂ ತಪ್ಪಿಸ್ಕೊಂಡ್ರೆ ಒಳಗೆ ಕಳಿಸ್ತೀನಿ. ಗ್ಯಾರಂಟಿ ಇಲ್ಲ."

ಮಧ್ಯಾಹ್ನ ನಿಟ್ಟೂರಿನಿಂದ ಅತ್ತೆ ಬಂದರು. ಕೈಚೀಲದಲ್ಲಿ ಬಜೆಯ ಬೇರು, ಜೇನಿನ ಸೀಸೆ, ಮೊಮ್ಮಗಳಿಗೆಂದು ಹುರಿದ ಕಡಲೆ. ಕೂತವರೇ ಸೆರಗಿನಿಂದ ಮುಖ ಒರೆಸಿಕೊಂಡು, "ಬಟ್ಟೆ ಗಿಟ್ಟೆ ಕಟ್ಟಿದೀಯೇನಮ್ಮ? ಐದು ಗಂಟೆ ಬಸ್ಸಿಗೆ ಹೊಂಟೋಗ್ತೀವಿ. ನೀನೇ ಆಸ್ಪತ್ರೆ ಬ್ಯಾಡ ಅಂದ್ಯಂತೆ, ಒಳ್ಳೇ ಕೆಲಸ ಮಾಡ್ದೆ" ಎಂದರು.

"ನಾನಂದ್ನಾ? ಯಾರ್ ಹೇಳಿದ್ದು ಅತ್ತೆ?"

"ಇನ್ಯಾರು, ಚನ್ನೇಶ. ತಡಿ, ಕೇಳು ಬೇಕಾದ್ರೆ." ಫೋನು ಒತ್ತಿ ವಾಯ್ಸ್ ಮೆಸೇಜು ಹಾಕಿದರು. ಚನ್ನೇಶನ ದನಿ, ಏನನ್ನೋ ನೋಡಿಕೊಂಡು ಓದುತ್ತಿರುವ ಹಾಗೆ: "ಅಮ್ಮ, ದೀಪಿಕಾಳ ಮನಸ್ಸು ಈಗ ಸೂಕ್ಷ್ಮವಾದ ಸ್ಥಿತಿಯಲ್ಲಿದೆ. ಅವಳು ಸ್ವತಃ ಈ ನಿರ್ಧಾರಕ್ಕೆ ಬಂದಿದ್ದಾಳೆ. ದಯವಿಟ್ಟು ಅವಳನ್ನು ಪ್ರಶ್ನಿಸಬೇಡಿ."

ಅತ್ತೆ ಫೋನು ಕೆಳಗಿಟ್ಟರು. "ನಂಗೂ ಗಾಬರಿ ಆಯ್ತು ಕಣಮ್ಮ. ಈ ನನ್ ಮಗ ಹುಟ್ಟಿದಾಗಿಂದ 'ದಯವಿಟ್ಟು' ಅಂದೋನಲ್ಲ. ಜ್ವರಗಿರ ಬಂದೈತೇನೋ ಅನ್ಕಂಡೆ."

ದೀಪಿಕಾಳಿಗೆ ನಗು ಬಂತು. ನಗುತ್ತಲೇ ಅಳು ಬಂತು. ಅತ್ತೆಯ ಎದುರು ಅವಳು ಅತ್ತದ್ದು ಅದೇ ಮೊದಲು. ಲ್ಯಾಪ್‌ಟಾಪ್ ತೆರೆದು ಎಲ್ಲವನ್ನೂ ಓದಿ ಹೇಳಿದಳು. ಸರ್ವಮಂಗಳ ಕನ್ನಡಕ ಏರಿಸಿ ಪರದೆಯನ್ನೂ ಸೊಸೆಯನ್ನೂ ನೋಡಿದರು. ಐದು ಗಂಟೆಯ ಬಸ್ಸಿನ ಮಾತು ಮತ್ತೆ ಬರಲಿಲ್ಲ.

ಸಂಜೆ ಚನ್ನೇಶ ಬಂದಾಗ ದೀಪಿಕಾ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದಳು. "ಇದೇನ್ರೀ?"

ಅವನು ಬಗ್ಗಿ ನೋಡಿದ. ಮೊದಲು ಬಾಯಿಗೆ ಬಂದದ್ದು, "ಅಯ್ಯೋ, ಹಿಸ್ಟರೀನೂ ಸಿಂಕ್ ಆಗುತ್ತಾ ಇದು? ನಾನು ಕೇಳಿದ್ದೂ ಇಲ್ಲಿ ಬರುತ್ತಾ?"

"ಅದೇ ನಿಮ್ಗೆ ತಪ್ಪಾಗಿ ಕಂಡಿದ್ದು?"

"ಹಂಗಲ್ಲ ದೀಪಿ..." ಕುರ್ಚಿಯ ಬೆನ್ನು ಹಿಡಿದುಕೊಂಡ. "ನಾನೇನು ಬೇರೆ ಯಾರ್ ಜೊತೆನೋ ಚಾಟ್ ಮಾಡಿದ್ನಾ? ನಿನ್ ಬಗ್ಗೆನೇ ತಾನೇ ಕೇಳಿದ್ದು. ನೀನು ಮಾತು ಶುರು ಮಾಡಿದ್ರೆ ಎಲ್ಲಿ ಹಿಡೀಬೇಕು ಅಂತ ನಂಗೆ ಗೊತ್ತಾಗಲ್ಲ. ಒಂದು ಮುಗಿಯೋದ್ರೊಳಗೆ ಇನ್ನೊಂದು. ಅದು ಮೂರು ಸಾಲಲ್ಲಿ ಹೇಳೋದು, ನಂಗೆ ತಿಳಿಯೋದು. ನಿಂಗೂ ಖುಷಿ ಆಗ್ತಿರ್ಲಿಲ್ವಾ?"

"ಆಗ್ತಿತ್ತು" ಎಂದಳು ದೀಪಿಕಾ. "ಅದೇ ನನ್ನ ಸುಡ್ತಿರೋದು. ಅಮ್ಮಂಗೆ ಫೋನ್ ಮಾಡಿ ಹೇಳ್ಕೊಂಡಿದ್ದೆ, ನನ್ ಗಂಡಂಗೆ ನನ್ ಮನಸ್ಸು ಗೊತ್ತಾಗುತ್ತೆ ಅಂತ."

ಅವಳು ಪರದೆಯಲ್ಲಿ ಮೊನ್ನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಪಾಪೂದು ಯಾಕ್ರೀ ಕ್ಯಾನ್ಸಲ್ ಮಾಡಿದ್ರಿ? ನಿಮ್ ತಂಗಿ ಮದ್ವೆ ಆಗೋವರೆಗೂ ಅವಳು ಮೂಗಿ ಥರ ಕೂತಿರ್ಬೇಕಾ?"

"ಒಂದೆರಡು ತಿಂಗಳು ಅಷ್ಟೇ ಅನ್ಕೊಂಡೆ..."

ಅಡುಗೆಮನೆಯಿಂದ ಅತ್ತೆ ಹೊರಬಂದರು. "ಏನ್ಲಾ, ಡೇಟು ನೀನೇ ಕಿತ್ತಾಕಿ ಅವಳ ತಲೆಗೆ ಕಟ್ಟಿದ್ಯಾ? ಆಸ್ಪತ್ರೆ ಅಂದ್ರೆ ನಂಗೂ ಆಗಲ್ಲ. ಮದ್ವೆ ಮಾತೂ ಕೆಡಬಾರ್ದು. ಆದ್ರೆ ಅದನ್ನ ನೇರ ಹೇಳ್ತಿದ್ದೆ ನಾನು. ಅವಳು ನನ್ ಜೊತೆ ಜಗಳ ಆಡ್ತಿದ್ಲು, ಆಡ್ಲಿ. ಸುಳ್ಳು ಯಾಕ್ಲಾ ಹೇಳ್ದೆ? ಅದೂ ಕಲಿತ ಮಾತಲ್ಲಿ!"

ಚನ್ನೇಶ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಜೇಬಿನಲ್ಲಿದ್ದ ಫೋನಿನ ಮೇಲೆ ಕೈ ಹೋಯಿತು, ತೆಗೆಯಲಿಲ್ಲ.

"ನಾಳೆ ನಾನು ಮಗೂನ ಕರ್ಕೊಂಡು ಹೋಗ್ತೀನಿ" ಎಂದಳು ದೀಪಿಕಾ. "ಯಾರ್ ಮನೆ ಆ ರೋಡಲ್ಲಿ ಇದ್ರೂ ಸರಿ. ಬರೋದಿದ್ರೆ ಬನ್ನಿ."

ಅವನು ಬಂದ. ಗುರುವಾರ ಬೆಳಿಗ್ಗೆ ಸೆಂಟರ್‌ನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಇಬ್ಬರೂ ನಡುವೆ ಒಂದು ಕುರ್ಚಿ ಬಿಟ್ಟು ಕೂತರು. ಊಟದ ಹೊತ್ತು ಸಮೀಪಿಸಿದಾಗ ಚಿಕ್ಕನಾಯಕನಹಳ್ಳಿ ಕಡೆಯಿಂದ ಬರಬೇಕಿದ್ದವರು ಬರಲಿಲ್ಲವೆಂದು ಇವರನ್ನು ಒಳಗೆ ಕರೆದರು.

ಅರುಣಾ ನೆಲದ ಮೇಲೆ ಚಾಪೆ ಹಾಸಿ, ಇಂಚರಳ ಮುಂದೆ ಮರದ ಗೊಂಬೆಗಳನ್ನಿಟ್ಟು, ಆಟವಾಡಿಸುತ್ತಲೇ ಪ್ರಶ್ನೆ ಕೇಳತೊಡಗಿದರು. ಹೆಸರು ಕರೆದರೆ ತಿರುಗುತ್ತಾಳಾ? ಮೊದಲು ನಕ್ಕಿದ್ದು ಯಾವಾಗ? ದೀಪಿಕಾ ಬಾಯಿ ತೆರೆಯುವ ಮೊದಲೇ ಚನ್ನೇಶ ಉತ್ತರಿಸುತ್ತಿದ್ದ. "ಕೆಲವು ಸಲ ತಿರುಗ್ತಾಳೆ, ಟಿವಿ ಇದ್ರೆ ಇಲ್ಲ. ವಸ್ತುಗಳನ್ನ ಸಾಲಾಗಿ ಇಡ್ತಾಳೆ. ಕುಕ್ಕರ್ ಸೀಟಿಗೆ ಕಿವಿ ಮುಚ್ಕೋತಾಳೆ." ಎಲ್ಲ ಸರಿಯಾಗಿತ್ತು. ಎಲ್ಲವೂ ದೀಪಿಕಾ ಮಧ್ಯಾಹ್ನಗಳಲ್ಲಿ ಟೈಪ್ ಮಾಡಿದ ಮಾತುಗಳು, ಅದೇ ಕ್ರಮದಲ್ಲಿ.

"ತಂದೆ ಇಷ್ಟು ಗಮನಿಸೋದು ಅಪರೂಪ" ಎಂದರು ಅರುಣಾ. ಚನ್ನೇಶನ ಕಿವಿ ಕೆಂಪಾಯಿತು. ದೀಪಿಕಾ ನೆಲ ನೋಡಿದಳು. ತನ್ನ ಮಗುವಿನ ಬಗ್ಗೆ ತನ್ನ ಮಾತನ್ನೇ ಬೇರೆಯವರ ಬಾಯಲ್ಲಿ ಕೇಳುತ್ತ, ತಾನು ನಾಲಿಗೆ ಬಿದ್ದವಳಂತೆ ಕೂತಿದ್ದಳು.

"ಏನಾದ್ರೂ ಬೇಕಾದ್ರೆ ಹೇಗೆ ಕೇಳ್ತಾಳೆ?" ಎಂದರು ಅರುಣಾ. "ಬಾಯಾರಿಕೆ ಆಯ್ತು ಅನ್ಕೊಳ್ಳಿ."

ಚನ್ನೇಶ ಬಾಯಿ ತೆರೆದ. ಏನೂ ಬರಲಿಲ್ಲ. ಹೆಂಡತಿಯ ಕಡೆ ತಿರುಗಿದ.

ದೀಪಿಕಾ ಅವನ ಕಡೆ ನೋಡಲಿಲ್ಲ. "ನನ್ ಕಿರುಬೆರಳು ಹಿಡ್ಕೋತಾಳೆ ಮೇಡಂ. ನೀರಿಗೆ ಕಿರುಬೆರಳು. ಆಚೆ ಹೋಗ್ಬೇಕು ಅಂದ್ರೆ ಹೆಬ್ಬೆರಳು, ಎಳೀತಾಳೆ. ನಿದ್ದೆ ಬಂದ್ರೆ ಬೆರಳು ಹಿಡಿಯಲ್ಲ, ಬಳೆ ತಿರುಗಿಸ್ತಾ ಇರ್ತಾಳೆ."

ಅರುಣಾ ಬರೆಯುವುದನ್ನು ನಿಲ್ಲಿಸಿದರು. "ಇದನ್ನ ನೀವು ಕಲಿಸಿದ್ದಾ?"

"ಇಲ್ಲ. ಅವಳೇ ಮಾಡ್ಕೊಂಡಿದ್ದು. ನಾನು ಅರ್ಥ ಮಾಡ್ಕೊಂಡೆ ಅಷ್ಟೇ."

"ಒಳ್ಳೇ ಸೂಚನೆ ಇದು. ನಿಮ್ ಜೊತೆ ಅವಳು ಮಾತಾಡ್ತಾನೇ ಇದಾಳೆ" ಎಂದರು ಅರುಣಾ. ಇದಕ್ಕೆ ಈಗಲೇ ಯಾವ ಹೆಸರೂ ಇಡುವುದಿಲ್ಲ, ಮೊದಲು ಕಿವಿಯ ಪರೀಕ್ಷೆ ಆಗಲಿ, ವಾರಕ್ಕೆ ಎರಡು ಸಲ ಕರೆತನ್ನಿ, ಅಮ್ಮನೇ ಜೊತೆಗಿರಲಿ ಎಂದೂ ಹೇಳಿದರು. ದೀಪಿಕಾ ಎಲ್ಲಕ್ಕೂ ಹೂಂ ಅಂದಳು. ಕುಟುಂಬದ ನಿರ್ಧಾರ ಏನೆಂದು ಅವಳು ಯಾರನ್ನೂ ಕೇಳಲಿಲ್ಲ.

ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ಬೈಕಿನ ಬಳಿ ಚನ್ನೇಶ ಮೆಲ್ಲಗೆ ಕೇಳಿದ. "ಬೆರಳಿನ ವಿಷ್ಯ ನಂಗ್ಯಾಕೆ ಹೇಳ್ಲೇ ಇಲ್ಲ?"

"ನೀವು ಯಾವತ್ತು ಕೇಳಿದ್ರಿ? ಅದನ್ನ ನಾನು ಎಲ್ಲೂ ಟೈಪ್ ಮಾಡಿರ್ಲಿಲ್ಲ."

ಅವನು ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಗಂಟಲು ಸರಿಮಾಡಿಕೊಂಡು, "ದೀಪಿ, ನಿನ್ನ ನೋವು ನನಗೆ..." ಎಂದು ಶುರು ಮಾಡಿದ.

ಆ ವಾಕ್ಯ ಹೇಗೆ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಿಜವಾಗಿಯೇ ಹೇಳುತ್ತಿದ್ದಾನೋ ಏನೋ. ಇನ್ನು ಮೇಲೆ ಅದನ್ನು ತಿಳಿಯುವ ದಾರಿಯೇ ಅವಳಿಗೆ ಉಳಿದಿರಲಿಲ್ಲ.

"ಬೇಡ ರೀ" ಎಂದಳು. "ಮಾತು ಬರದಿದ್ರೆ ಸುಮ್ನಿರಿ. ಮಾತು ಬರದವ್ರ ಜೊತೆ ಹೇಗಿರ್ಬೇಕು ಅಂತ ನಂಗೆ ಗೊತ್ತು."

ಕೈ ಬೀಸಿ ಆಟೋ ನಿಲ್ಲಿಸಿ, ಮಗಳನ್ನು ಎತ್ತಿಕೊಂಡು ಹತ್ತಿ, "ಉಪ್ಪಾರಹಳ್ಳಿ" ಎಂದಳು. ಹಿಂದೆ ಬೈಕು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಮನೆ ಬರುವವರೆಗೂ ಅದು ಆಟೋದ ಹಿಂದೆಯೇ ಬಂತು, ಮುಂದೆ ಹೋಗಲಿಲ್ಲ. ದೀಪಿಕಾ ತಿರುಗಿ ನೋಡಲಿಲ್ಲ.